ಎರಡು ಬೆರಳಗಲದ ದೂರ



ನಿಮ್ಮ ಪರ್ಸಿನಲ್ಲಿ ಬ್ಯಾಂಕಿನ ಕಾರ್ಡು ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದರ ಮೇಲೆ ನಾಲ್ಕು ಬಾಗುಗೆರೆಗಳ ಒಂದು ಗುರುತು ಇದೆಯೇ ನೋಡಿ. ಮೊದಲ ಗೆರೆ ಚಿಕ್ಕದು. ಮುಂದಿನವು ಒಂದರ ಪಕ್ಕ ಒಂದಾಗಿ ದೊಡ್ಡದಾಗುತ್ತ ಹೋಗುತ್ತವೆ. ಆ ಗುರುತು ಇದ್ದರೆ ನಿಮ್ಮದು ತಾಗಿಸಿ ಹಣ ಕೊಡುವ ಕಾರ್ಡು. ಅಂಗಡಿಯ ಮಿಷನ್ನಿಗೆ ತೂರಿಸುವುದು ಬೇಡ, ಉಜ್ಜುವುದು ಬೇಡ. ಹತ್ತಿರ ಹಿಡಿದರೆ ಸಾಕು, ಬೀಪ್ ಎನ್ನುತ್ತದೆ, ಹಣ ಹೋಗುತ್ತದೆ. ನಮ್ಮ ಜನ ಇದನ್ನು ವೈಫೈ ಕಾರ್ಡು ಎನ್ನುತ್ತಾರೆ.

ಇದರ ಜೊತೆಗೇ ಒಂದು ಹೆದರಿಕೆಯೂ ಬಂದಿದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ಒಬ್ಬ ಸ್ವೈಪಿಂಗ್ ಮಿಷನ್ ಹಿಡಿದು ನಿಮ್ಮ ಹಿಂದೆ ನಿಲ್ಲುತ್ತಾನಂತೆ. ಪ್ಯಾಂಟಿನ ಜೇಬಿನ ಹತ್ತಿರ ತರುತ್ತಾನಂತೆ. ನಿಮಗೆ ಗೊತ್ತೇ ಆಗದೆ ಹಣ ಹೋಗುತ್ತದಂತೆ. ಈ ಸುದ್ದಿ ವಾಟ್ಸಾಪಿನಲ್ಲಿ ವರ್ಷವರ್ಷವೂ ಸುತ್ತುತ್ತದೆ. ಪಿಂಚಣಿ ತೆಗೆಯಲು ಬಂದ ಹಿರಿಯರು ಬ್ಯಾಂಕಿನಲ್ಲಿ ಇದನ್ನೇ ಕೇಳುತ್ತಾರೆ. "ಈ ಕಾರ್ಡು ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದಾ ಸ್ವಾಮಿ?"

ನ್ಯಾಯವಾದ ಪ್ರಶ್ನೆ. ಇಂದು ನಾನು ಇದೊಂದನ್ನೇ ಹಿಡಿದು ಮಾತಾಡುತ್ತೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓಡಾಡಬಹುದು. ಜೇಬಿನಲ್ಲಿರುವ ಕಾರ್ಡಿನಿಂದ ಗಾಳಿಯಲ್ಲೇ ಹಣ ಎಳೆಯುವುದು ಬಹಳ ಕಷ್ಟ, ಕಳ್ಳನಿಗೆ ಅದರಲ್ಲಿ ಲಾಭವೂ ಕಡಿಮೆ. ಅಪಾಯ ಇರುವುದು ಬೇರೆ ಕಡೆ. ಕಾರ್ಡು ನಮ್ಮ ಕೈ ಬಿಟ್ಟಾಗ ಇದೆ. ಅದಕ್ಕಿಂತ ಹೆಚ್ಚಾಗಿ, ನಾವೇ ನಮ್ಮ ಕೈಯಾರೆ ಕಾರ್ಡನ್ನು ತಪ್ಪು ಜಾಗಕ್ಕೆ ತಾಗಿಸಿದಾಗ ಇದೆ.

ಮೊದಲು ಕಾರ್ಡು ಕೆಲಸ ಮಾಡುವ ರೀತಿ ನೋಡೋಣ. ಇದರಲ್ಲಿ ಬ್ಯಾಟರಿ ಇಲ್ಲ. ಒಳಗೆ ಒಂದು ಸಣ್ಣ ಚಿಪ್ ಇದೆ. ಕಾರ್ಡಿನ ಅಂಚಿನ ಸುತ್ತ ಕೂದಲೆಳೆಯಂಥ ತಂತಿಯ ಸುರುಳಿ ಇದೆ. ಅಂಗಡಿಯ ಮಿಷನ್ನಿನೊಳಗೂ ಒಂದು ಸುರುಳಿ ಇರುತ್ತದೆ. ಮಿಷನ್ ತನ್ನ ಸುತ್ತ ಒಂದು ಕಾಂತಕ್ಷೇತ್ರ ಎಬ್ಬಿಸುತ್ತದೆ. ಕಾರ್ಡು ಅದರೊಳಗೆ ಬಂದಾಗ ಕಾರ್ಡಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಚಿಪ್ ಆ ವಿದ್ಯುತ್ತಿನಿಂದಲೇ ಎಚ್ಚರಗೊಂಡು, ಅದರಿಂದಲೇ ಲೆಕ್ಕ ಮಾಡಿ, ಉತ್ತರ ಕೊಡುತ್ತದೆ. ಮಿಷನ್ ದೂರ ಹೋಯಿತೋ, ಚಿಪ್ ನಿದ್ದೆಗೆ ಜಾರುತ್ತದೆ.

ಇವೆರಡೂ ಮಾತಾಡುವ ಕಂಪನಾಂಕ ಸುಮಾರು 13.5 ಮೆಗಾಹರ್ಟ್ಸ್. ಬಾನುಲಿಯ ಹಳೆಯ ಕೇಳುಗರಿಗೆ ಇದು ಪರಿಚಿತ ಜಾಗ. 22 ಮೀಟರಿನ ಶಾರ್ಟ್‌ವೇವ್ ಪಟ್ಟಿಗೆ ತೀರ ಪಕ್ಕದ್ದು. ಶಾರ್ಟ್‌ವೇವ್ ಪ್ರಸಾರ ಸಮುದ್ರ ದಾಟಿ ಬರುತ್ತದಲ್ಲ, ಹಾಗಾದರೆ ಕಾರ್ಡಿನ ಮಾತು ಯಾಕೆ ದೂರ ಹೋಗುವುದಿಲ್ಲ? ಯಾಕೆಂದರೆ ಕಾರ್ಡು ಏನನ್ನೂ ಪ್ರಸಾರ ಮಾಡುವುದಿಲ್ಲ. ಅದಕ್ಕೆ ಸ್ವಂತ ಶಕ್ತಿಯೇ ಇಲ್ಲ. ಮಿಷನ್ನಿನ ಕಾಂತಕ್ಷೇತ್ರವನ್ನು ಅದು ಸ್ವಲ್ಪ ಅಲುಗಿಸುತ್ತದೆ, ಅಷ್ಟೆ. ಆ ಕ್ಷೇತ್ರವೋ ಬಹಳ ಬೇಗ ಕುಗ್ಗುತ್ತದೆ. ಸುರುಳಿಯಿಂದ ಆಚೆಗೆ ದೂರ ಎರಡು ಪಟ್ಟಾದರೆ ಅದರ ಬಲ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಅಂಗಡಿಯ ಮಿಷನ್ ಕೆಲಸ ಮಾಡುವ ದೂರ ಸುಮಾರು ನಾಲ್ಕು ಸೆಂಟಿಮೀಟರ್. ಎರಡು ಬೆರಳಿನ ಅಗಲ ಅಂದುಕೊಳ್ಳಿ.

ಕಾರ್ಡಿಗೆ ಸ್ವಂತ ಶಕ್ತಿ ಇಲ್ಲ. ಅದು ಮಾತಾಡುವುದು ಎರಡು ಬೆರಳಗಲದಲ್ಲಿ. ಇಷ್ಟು ತಿಳಿದುಕೊಂಡೆವು. ಈಗ ಮುಂದಿನದು. ಕಳ್ಳ ಅಂಗಡಿಯ ಮಿಷನ್ನನ್ನೇ ಬಳಸಬೇಕೆಂದೇನೂ ಇಲ್ಲವಲ್ಲ? ದೊಡ್ಡ ಸುರುಳಿ ಕಟ್ಟಿಕೊಂಡು ಬಂದರೆ?

ವಿಜ್ಞಾನಿಗಳು ಇದನ್ನು ಮಾಡಿ ನೋಡಿದ್ದಾರೆ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2006ರಲ್ಲಿ ಸುಮಾರು ನೂರು ಡಾಲರ್ ಖರ್ಚಿನಲ್ಲಿ ಇಂಥ ಒಂದು ಓದುಗ ಸಾಧನ ಕಟ್ಟಿದರು. ಇದೇ ಬಗೆಯ ಚಿಪ್ಪುಗಳನ್ನು ಅದು ಸುಮಾರು 25 ಸೆಂಟಿಮೀಟರ್ ದೂರದಿಂದ ಓದಿತು. ಒಂದು ಗೇಣಿಗಿಂತ ಚೂರು ಹೆಚ್ಚು. 2013ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು ಇನ್ನೊಂದು ಪರೀಕ್ಷೆ ಮಾಡಿದರು. ಅವರು ಕಾರ್ಡನ್ನು ಎಬ್ಬಿಸಲಿಲ್ಲ. ಕಾರ್ಡು ಮತ್ತು ಓದುಗ ಸಾಧನ ಮಾತಾಡುವಾಗ ಪಕ್ಕದಿಂದ ಕದ್ದು ಕೇಳಿದರು. ಸುಮಾರು 45 ಸೆಂಟಿಮೀಟರ್, ಅಂದರೆ ಒಂದು ಮೊಳ ದೂರದಿಂದ ಚೆನ್ನಾಗಿಯೇ ಕೇಳಿಸಿತು. ಈ ಸಂಶೋಧಕರ ಮೇಲೆ ನನಗೆ ಗೌರವವಿದೆ. ಕಳ್ಳನಿಗಿಂತ ಮೊದಲು ಬಾಗಿಲು ತಟ್ಟಿ ನೋಡಿದವರು ಅವರು.

ಹಾಗಾಗಿ ಎರಡು ಬೆರಳಗಲ ಎಂಬುದು ದಾಟಲಾಗದ ಗೆರೆಯಲ್ಲ. ಗೇಣು, ಮೊಳದ ತನಕ ಹಿಗ್ಗಿಸಬಹುದು. ಬಸ್ಸಿನ ಗದ್ದಲದಲ್ಲಿ ಒಂದು ಗೇಣು ಹತ್ತಿರಕ್ಕೆ ಯಾರು ಬೇಕಾದರೂ ಬರಬಹುದು. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ನನಗೆ ಬೇಡ. ಈಗ ಕೇಳಬೇಕಾದ್ದು, ಹಾಗೆ ಹತ್ತಿರ ಬಂದವನ ಕೈಗೆ ಏನು ಸಿಗುತ್ತದೆ ಎಂದು.

ಅವನಿಗೆ ಕಾರ್ಡಿನ ಹದಿನಾರು ಅಂಕಿಯ ಸಂಖ್ಯೆ ಸಿಗಬಹುದು. ಕಾರ್ಡಿನ ಅವಧಿ ಮುಗಿಯುವ ತಿಂಗಳು, ವರ್ಷ ಸಿಗಬಹುದು. ಹಿಂದೆ ಅಮೆರಿಕದ ಮೊದಲ ತಲೆಮಾರಿನ ಕಾರ್ಡುಗಳಲ್ಲಿ ಹೆಸರೂ ಸಿಗುತ್ತಿತ್ತು. ಅಂಚೆಯ ಲಕೋಟೆ ಒಡೆಯದೆಯೇ ಒಳಗಿನ ಕಾರ್ಡಿನ ಹೆಸರು ಓದಬಹುದೆಂದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ತೋರಿಸಿತು. ಆಮೇಲೆ ಹೆಸರನ್ನು ತೆಗೆದುಹಾಕಲಾಯಿತು. ಇನ್ನು ಸಿಗದಿರುವುದು ಯಾವುದು? ಪಿನ್ ಸಿಗುವುದಿಲ್ಲ. ಕಾರ್ಡಿನ ಹಿಂದೆ ಅಚ್ಚಾದ ಮೂರಂಕಿಯ ಸಿವಿವಿ ಸಿಗುವುದಿಲ್ಲ. ಅದು ಚಿಪ್ಪಿನ ಮಾತಿನಲ್ಲಿ ಬರುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ್ದು ಮುಂದಿದೆ. ಪ್ರತಿ ಬಾರಿ ಹಣ ಕೊಡುವಾಗಲೂ ಚಿಪ್ ಒಂದು ಹೊಸ ಗುಪ್ತ ಸಂಕೇತವನ್ನು ಲೆಕ್ಕಹಾಕಿ ಕೊಡುತ್ತದೆ. ಅದರಲ್ಲಿ ಮೊತ್ತ ಸೇರಿರುತ್ತದೆ. ಮಿಷನ್ ಆಗಷ್ಟೇ ಕೊಟ್ಟ ಒಂದು ಸಂಖ್ಯೆ ಸೇರಿರುತ್ತದೆ. ಈ ಕಾರ್ಡಿನಿಂದ ಇದು ಎಷ್ಟನೆಯ ವ್ಯವಹಾರ ಎಂಬ ಎಣಿಕೆಯೂ ಸೇರಿರುತ್ತದೆ. ಲೆಕ್ಕ ಮಾಡುವ ಗುಟ್ಟಿನ ಕೀಲಿ ಚಿಪ್ಪಿನೊಳಗೆ ಇದೆ, ಬ್ಯಾಂಕಿನ ಹತ್ತಿರ ಇದೆ. ಅದು ಹೊರಗೆ ಬರುವುದಿಲ್ಲ. ಕದ್ದು ಕೇಳಿದ ಸಂಕೇತ ನಿನ್ನೆಯ ಬಸ್ ಟಿಕೆಟ್ ಇದ್ದಂತೆ. ಇವತ್ತಿನ ಬಸ್ಸಿನಲ್ಲಿ ತೋರಿಸಿದರೆ ಕಂಡಕ್ಟರ್ ಒಪ್ಪುವುದಿಲ್ಲ. ಬೆನ್ನ ಮೇಲೆ ಕಪ್ಪು ಕಾಂತಪಟ್ಟಿ ಮಾತ್ರ ಇದ್ದ ಹಳೆಯ ಕಾರ್ಡುಗಳಿಗೆ ಈ ರಕ್ಷಣೆ ಇರಲಿಲ್ಲ. ಪಟ್ಟಿಯ ಮೇಲಿದ್ದದ್ದು ಎಂದೂ ಬದಲಾಗದ ಮಾಹಿತಿ. ಒಮ್ಮೆ ನಕಲು ಮಾಡಿದರೆ ಅವಳಿ ಕಾರ್ಡೇ ತಯಾರು. ಅದಕ್ಕೇ 2018ರ ಕೊನೆಯೊಳಗೆ ಎಲ್ಲರಿಗೂ ಚಿಪ್ ಕಾರ್ಡು ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದ್ದು.

ಹಾಗಾದರೆ ಸಂಖ್ಯೆ ಮತ್ತು ಅವಧಿ, ಇವೆರಡರಿಂದ ಏನೂ ಮಾಡಲಾಗದೇ? ಬ್ರಿಟನ್ನಿನ ಗ್ರಾಹಕ ಸಂಸ್ಥೆ 'ವಿಚ್' 2015ರಲ್ಲಿ ಪರೀಕ್ಷಿಸಿತು. ಸುಲಭವಾಗಿ ಸಿಗುವ ಓದುಗ ಸಾಧನದಿಂದ ಹತ್ತು ಕಾರ್ಡುಗಳನ್ನು ಓದಿ, ಆ ವಿವರದಿಂದಲೇ ಒಂದು ಆನ್‌ಲೈನ್ ಅಂಗಡಿಯಲ್ಲಿ ಸುಮಾರು 3,000 ಪೌಂಡ್ ಬೆಲೆಯ ಟಿವಿಗೆ ಆರ್ಡರ್ ಮಾಡಿತು. ಆ ಅಂಗಡಿ ಸಿವಿವಿ ಕೇಳಿರಲಿಲ್ಲ. ತಪ್ಪು ಅಲೆಗಳದ್ದಲ್ಲ, ಕೇಳಬೇಕಾದ್ದನ್ನು ಕೇಳದ ಅಂಗಡಿಯದ್ದು. ನಮ್ಮ ದೇಶದಲ್ಲಿ ಈ ಬಾಗಿಲನ್ನು ಬೇಗ ಹಾಕಿದರು. 2009ರಿಂದಲೇ ಆನ್‌ಲೈನ್ ಖರೀದಿಗೆ ಎರಡನೆಯ ದೃಢೀಕರಣ ಕಡ್ಡಾಯ. ಇಂದು ಅದು ಸಾಮಾನ್ಯವಾಗಿ ಫೋನಿಗೆ ಬರುವ ಓಟಿಪಿ. ಓಟಿಪಿ ತಡಮಾಡಿದಾಗ ನಾವು ಬೇಸರಪಡುತ್ತೇವೆ. ಆದರೆ ಕೋಟ್ಯಂತರ ಜನರ ದುಡ್ಡು ಕಾದ ನಿಯಮ ಅದು. ಒಂದು ಕಿಂಡಿ ಮಾತ್ರ ಉಳಿದಿದೆ: ವಿದೇಶದ ಕೆಲವು ಜಾಲತಾಣಗಳು ಓಟಿಪಿ ಕೇಳುವುದಿಲ್ಲ. ಅದನ್ನು ಮುಚ್ಚುವ ಬಗೆ ಮುಂದೆ ಹೇಳುತ್ತೇನೆ.

ಸ್ವೈಪಿಂಗ್ ಮಿಷನ್ ಹಿಡಿದು ಬಸ್ಸು ಹತ್ತುವವನ ಕಥೆಯನ್ನೂ ಇಲ್ಲೇ ಮುಗಿಸೋಣ. ಮಿಷನ್ ಯಾರಿಗೂ ಸುಮ್ಮನೆ ಸಿಗುವುದಿಲ್ಲ. ಅದರ ಹಿಂದೆ ಒಬ್ಬ ವ್ಯಾಪಾರಿಯ ಹೆಸರು, ವಿಳಾಸ, ಬ್ಯಾಂಕ್ ಖಾತೆ ಇರುತ್ತದೆ. ಕದ್ದ ಹಣ ಜೇಬಿಗೆ ಬರುವುದಿಲ್ಲ. ಆ ಖಾತೆಗೆ ಹೋಗುತ್ತದೆ, ಅದೂ ಸ್ವಲ್ಪ ತಡವಾಗಿ. ನಾಲ್ಕು ಜನ ದೂರು ಕೊಟ್ಟರೆ ಖಾತೆ ಸ್ತಂಭಿಸುತ್ತದೆ. ಕಳ್ಳ ತನ್ನ ವಿಳಾಸ ಬರೆದಿಟ್ಟು ಹೋದಂತಾಯಿತು. ಇನ್ನು, ಪರ್ಸಿನಲ್ಲಿ ಇಂಥ ಎರಡು ಮೂರು ಕಾರ್ಡು ಒಂದರ ಮೇಲೊಂದು ಇದ್ದರೆ ಎಲ್ಲವೂ ಒಟ್ಟಿಗೆ ಉತ್ತರಿಸಲು ಹೋಗುತ್ತವೆ, ಮಿಷನ್ ಗೊಂದಲಕ್ಕೆ ಬೀಳುತ್ತದೆ. ಇಂಥದೇ ಇನ್ನೊಂದು ಕಥೆಗೆ 2022ರ ಜೂನ್ ತಿಂಗಳನ್ನು ನೆನೆಸಿಕೊಳ್ಳಿ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ, ಟೋಲ್ ಕಟ್ಟಲು ಗಾಜಿಗೆ ಅಂಟಿಸುವ ಫಾಸ್ಟ್ಯಾಗಿನ ಹಣ ಕದ್ದನೆಂಬ ವಿಡಿಯೊ ದೇಶವೆಲ್ಲ ಹರಡಿತು. ಅದು ಸುಳ್ಳು. ಫಾಸ್ಟ್ಯಾಗಿನ ಹಣ ನೋಂದಾಯಿತ ವ್ಯಾಪಾರಿಯ ಖಾತೆಗೆ ಮಾತ್ರ ಹೋಗಬಲ್ಲದು ಎಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟನೆ ಕೊಟ್ಟಿತು. ಅಷ್ಟರಲ್ಲಿ ಗಾಜು ಒರೆಸಿ ಹೊಟ್ಟೆ ಹೊರೆಯುವ ಮಕ್ಕಳನ್ನು ಎಷ್ಟು ಜನ ಗದರಿಸಿ ಓಡಿಸಿದರೋ. ಸುಳ್ಳು ಸುದ್ದಿಯ ಪೆಟ್ಟು ಯಾವಾಗಲೂ ಬಡವರಿಗೇ ಮೊದಲು ಬೀಳುತ್ತದೆ.

ತಾಗಿಸುವ ಕಾರ್ಡು 2007ರಿಂದ ಬಳಕೆಯಲ್ಲಿರುವ ಬ್ರಿಟನ್ನಿನಲ್ಲೂ ಅನುಭವ ಇದೇ. ಕಾರ್ಡು ಮಾಲೀಕರ ಬಳಿಯೇ ಇರುವಾಗ ಗಾಳಿಯಲ್ಲಿ ಹಣ ಕದ್ದ ಪ್ರಕರಣ ತಮಗೆ ಕಂಡಿಲ್ಲವೆಂದು ಅಲ್ಲಿನ ಬ್ಯಾಂಕುಗಳ ಒಕ್ಕೂಟ ಹೇಳುತ್ತ ಬಂದಿದೆ. ಪೇಟೆಯಲ್ಲಿ ಅಲೆ ತಡೆಯುವ ಪರ್ಸು ಎಂದು ಮಾರುತ್ತಾರೆ. ಲೋಹದ ಹಾಳೆ ಇದ್ದರೆ ಅದು ಅಲೆ ತಡೆಯುವುದು ನಿಜವೇ. ಮನಸ್ಸಿನ ನೆಮ್ಮದಿಗೆ ಬೇಕಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಿಡಿ, ಸಾಕು. ಅದಕ್ಕಾಗಿ ಸಾವಿರಾರು ರೂಪಾಯಿ ಕೊಡಬೇಡಿ.

ಇಲ್ಲಿಯ ತನಕ ಹೇಳಿದ್ದು ಇಷ್ಟು. ಜೇಬಿನ ಕಾರ್ಡನ್ನು ಓದಬಹುದು, ಆದರೆ ಓದಿದ್ದರಿಂದ ಹಣ ಎತ್ತುವುದು ಕಷ್ಟ. ಈಗ ನಿಜವಾದ ಅಪಾಯಗಳ ಕಡೆ ಬರೋಣ. ಮೊದಲನೆಯದು, ಕಾರ್ಡು ಕಳೆದುಹೋಗುವುದು.

2015ರಲ್ಲಿ ರಿಸರ್ವ್ ಬ್ಯಾಂಕು 2,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಲು ಅನುಮತಿ ಕೊಟ್ಟಿತು. 2021ರ ಜನವರಿ 1ರಿಂದ ಆ ಮಿತಿ 5,000 ರೂಪಾಯಿ ಆಯಿತು. ಕಾರ್ಡು ಬಿದ್ದು ಯಾರಿಗೋ ಸಿಕ್ಕಿತೆನ್ನಿ. ಅವರು ಅಂಗಡಿಗೆ ಹೋಗಿ 5,000ದೊಳಗೆ ಏನನ್ನಾದರೂ ಕೊಳ್ಳಬಹುದು. ಪಿನ್ ಬೇಡ, ಸಹಿ ಬೇಡ. ಇನ್ನೊಂದು ಅಂಗಡಿಗೆ ಹೋಗಿ ಮತ್ತೆ ಕೊಳ್ಳಬಹುದು. ದಿನಕ್ಕೆ ಎಷ್ಟು ಸಲ ಎಂದು ಮಿತಿ ಹಾಕುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. 5,000 ದಾಟಿದರೆ ಪಿನ್ ಇದೆಯಲ್ಲ ಎಂಬ ಧೈರ್ಯವೂ ಪೂರ್ತಿ ಬೇಡ. 2020ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಮೊಬೈಲ್ ಫೋನುಗಳನ್ನು ನಡುವೆ ಇಟ್ಟು ವೀಸಾ ಕಾರ್ಡಿನ ಪಿನ್ ಕೇಳಿಕೆಯನ್ನೇ ತಪ್ಪಿಸಿ ತೋರಿಸಿದರು. ಹಾಗಾಗಿ ಕಾರ್ಡು ಕಾಣದಿದ್ದರೆ ಹುಡುಕುವುದು ಆಮೇಲೆ. ಮೊದಲು ಬ್ಲಾಕ್ ಮಾಡಿಸಿ. ಸಿಕ್ಕಿದರೆ ಒಳ್ಳೆಯದೇ. ಹೊಸ ಕಾರ್ಡಿನ ಶುಲ್ಕ ಕೆಲವು ನೂರು ರೂಪಾಯಿ, ಅಷ್ಟೇ ನಷ್ಟ.

ಇದರ ಜೊತೆಗೆ ಒಂದು ಮಾತು. ಹೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕಾರ್ಡನ್ನು ಬೇರೆಯವರ ಕೈಗೆ ಕೊಟ್ಟು ಕಳುಹಿಸುತ್ತೇವಲ್ಲ, ಅಲ್ಲಿ ಸಂಖ್ಯೆ, ಅವಧಿಯ ಜೊತೆ ಹಿಂಬದಿಯ ಸಿವಿವಿಯೂ ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿ ಎರಡು ಫೋಟೊ ತೆಗೆದರೆ ಮುಗಿಯಿತು. ಯಾವ ಅಲೆಯೂ ಕದಿಯಲಾಗದ್ದನ್ನು ನಾವೇ ಕೊಟ್ಟಂತಾಯಿತು. ಮಿಷನ್ನನ್ನು ನಿಮ್ಮ ಹತ್ತಿರ ತರಲು ಹೇಳಿ. ಮೊತ್ತ ಓದಿ ನೋಡಿ. ನೀವೇ ತಾಗಿಸಿ. ಈ ಲೆಕ್ಕದಲ್ಲಿ ತಾಗಿಸುವ ಕಾರ್ಡೇ ಹೆಚ್ಚು ಸುರಕ್ಷಿತ, ಅದು ನಿಮ್ಮ ಕೈ ಬಿಡುವುದೇ ಇಲ್ಲ.

ಕಳೆದುಹೋದ ಕಾರ್ಡಿನ ಮಾತು ಆಯಿತು. ಈಗ ನನಗೆ ಅತ್ಯಂತ ಆತಂಕ ಹುಟ್ಟಿಸುವ ವಿಷಯ. ದಯವಿಟ್ಟು ಗಮನವಿಟ್ಟು ಕೇಳಿ.

ಯುರೋಪಿನ ಜೆಕ್ ದೇಶದಲ್ಲಿ 2023ರ ಕೊನೆಯಿಂದ 2024ರ ಮಾರ್ಚ್ ತಿಂಗಳ ತನಕ ಒಂದು ಮೋಸ ನಡೆಯಿತು. ಈಸೆಟ್ ಎಂಬ ಭದ್ರತಾ ಕಂಪನಿ ಅದನ್ನು ಬಿಡಿಸಿ ಲೋಕಕ್ಕೆ ಹೇಳಿತು. ಮೊದಲು ಜನರ ಫೋನಿಗೆ ತೆರಿಗೆ ಮರುಪಾವತಿಯ ಹೆಸರಿನಲ್ಲಿ ಸಂದೇಶ ಬರುತ್ತದೆ. ಕೊಂಡಿ ಒತ್ತಿದರೆ ಬ್ಯಾಂಕಿನದೇ ಎನ್ನುವಂತೆ ಕಾಣುವ ನಕಲಿ ಆ್ಯಪ್. ಅದರಲ್ಲಿ ಬ್ಯಾಂಕಿನ ವಿವರ ತುಂಬುತ್ತಾರೆ. ಆಮೇಲೆ ಕರೆ ಬರುತ್ತದೆ. ಕರೆ ಮಾಡಿದವನು ಬ್ಯಾಂಕಿನವನಂತೆ ಮಾತಾಡುತ್ತಾನೆ. "ನಿಮ್ಮ ಖಾತೆಗೆ ಕನ್ನ ಬಿದ್ದಿದೆ, ಹಣ ಉಳಿಸಬೇಕಾದರೆ ಪಿನ್ ಬದಲಿಸಬೇಕು, ಕಾರ್ಡು ಪರಿಶೀಲಿಸಬೇಕು" ಎನ್ನುತ್ತಾನೆ. ಇನ್ನೊಂದು ಆ್ಯಪ್ ಹಾಕಿಸುತ್ತಾನೆ. ಪಿನ್ ಒತ್ತಿಸುತ್ತಾನೆ. ಕೊನೆಗೆ, ಕಾರ್ಡನ್ನು ಫೋನಿನ ಬೆನ್ನಿಗೆ ತಾಗಿಸಿ ಹಿಡಿಯಿರಿ ಎನ್ನುತ್ತಾನೆ.

ಅಲ್ಲಿ ಆಗುವುದೇನು ಗೊತ್ತೇ? ಇಂದಿನ ಎಷ್ಟೋ ಫೋನುಗಳಲ್ಲಿ ಕಾರ್ಡು ಓದುವ ಸುರುಳಿ ಇರುತ್ತದೆ. ಫೋನು ಕಾರ್ಡನ್ನು ಎಬ್ಬಿಸುತ್ತದೆ. ಕಾರ್ಡಿನ ಉತ್ತರವನ್ನು ಅಂತರ್ಜಾಲದ ಮೂಲಕ ಇನ್ನೊಂದು ಫೋನಿಗೆ ಕಳಿಸುತ್ತದೆ. ಆ ಫೋನು ಹಿಡಿದವನು ತಾಗಿಸಿ ಹಣ ಕೊಡುವ ಎಟಿಎಂ ಮುಂದೆ ನಿಂತಿದ್ದಾನೆ. ಎಟಿಎಂ ಕೇಳಿದ ಪ್ರಶ್ನೆ ನಿಮ್ಮ ಕಾರ್ಡಿಗೆ ಬರುತ್ತದೆ. ನಿಮ್ಮ ಕಾರ್ಡಿನ ಉತ್ತರ ಎಟಿಎಂಗೆ ಹೋಗುತ್ತದೆ. ಕಾರ್ಡು ನಿಮ್ಮ ಕೈಯಲ್ಲೇ ಇದೆ, ಹಣ ಅಲ್ಲಿ ಹೊರಬರುತ್ತಿದೆ. ಆಗಲೇ ನಾನು ಹೊಗಳಿದ ಗುಪ್ತ ಸಂಕೇತ ಇಲ್ಲಿ ಕಾಯುವುದಿಲ್ಲ, ಯಾಕೆಂದರೆ ಆ ಸಂಕೇತ ಅಸಲಿಯೇ. ಆ ಕ್ಷಣದಲ್ಲೇ ಹುಟ್ಟಿದ್ದು, ನಿಮ್ಮ ಚಿಪ್ಪೇ ಕೊಟ್ಟದ್ದು. ಈ ಕುತಂತ್ರಕ್ಕೆ ಬಳಸಿದ್ದು, ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಂಶೋಧನೆಗೆಂದು ಮಾಡಿದ್ದ ಒಂದು ಸಾಧನವನ್ನು. ಪ್ರಾಗ್ ನಗರದಲ್ಲಿ ಎಟಿಎಂಗಳಿಂದ ಹೀಗೆ ಹಣ ತೆಗೆಯುತ್ತಿದ್ದ ಒಬ್ಬ ಯುವಕನನ್ನು ಪೊಲೀಸರು ಹಿಡಿದಾಗ ಅವನ ಬಳಿ ಆರು ಸಾವಿರ ಯೂರೋಗೂ ಹೆಚ್ಚು ಹಣ ಇತ್ತು. ಮುಂದೆ 2025ರಲ್ಲಿ ಇಟಲಿಯಲ್ಲೂ ಇಂಥದೇ ಮೋಸ ಬೆಳಕಿಗೆ ಬಂತು.

ಎರಡು ಬೆರಳಗಲದ ದೂರ ಎಂದೆನಲ್ಲ, ಆ ಕಾವಲನ್ನು ಕಳ್ಳ ಒಡೆಯಲಿಲ್ಲ. ಕಾರ್ಡಿನ ಒಡೆಯರಿಂದಲೇ ದಾಟಿಸಿದ. ನಮ್ಮಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಕಡತಗಳು, ಅಂದರೆ ಒತ್ತಿದರೆ ಆ್ಯಪ್ ಹಾಕಿಸುವ ಕಡತಗಳು ಬರುತ್ತಿವೆ. ಬ್ಯಾಂಕಿಗೆ ಕೊಟ್ಟ ಗುರುತಿನ ದಾಖಲೆಯ, ಅಂದರೆ ಕೆವೈಸಿಯ ಅವಧಿ ಮುಗಿದಿದೆ ಎಂಬ ಕರೆ ಬರದ ಮನೆಯೇ ಕಡಿಮೆ. ನೆಲ ಸಿದ್ಧವಾಗಿದೆ, ಅದಕ್ಕೇ ನನ್ನ ಆತಂಕ. ಇದೊಂದನ್ನು ಮನೆಯವರಿಗೆಲ್ಲ ಹೇಳಿ: ಫೋನಿನಲ್ಲಿ ಯಾರೋ ಹೇಳಿದರೆಂದು ನಿಮ್ಮ ಕಾರ್ಡನ್ನು ನಿಮ್ಮದೇ ಫೋನಿಗೆ ತಾಗಿಸಬೇಡಿ. ಕರೆ ಕಡಿದುಬಿಡಿ. ಬೇಕಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ.

ಅಪಾಯ ಎಲ್ಲಿದೆ ಎಂದು ನೋಡಿದ್ದಾಯಿತು. ಕಳೆದ ಕಾರ್ಡಿನಲ್ಲಿ, ಬೇರೆಯವರ ಕೈಗೆ ಕೊಟ್ಟ ಕಾರ್ಡಿನಲ್ಲಿ, ಮೋಸದ ಕರೆಯಲ್ಲಿ. ಇನ್ನು ಮಾಡಬೇಕಾದ್ದು.

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ಆದೇಶ ಹೊರಡಿಸಿತು. ಅದರ ಪ್ರಕಾರ ಹೊಸ ಕಾರ್ಡು ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ತೂರಿಸಿ ಬಳಸಲು ಮಾತ್ರ ತೆರೆದಿರಬೇಕು. ತಾಗಿಸುವುದು, ಆನ್‌ಲೈನ್ ಖರೀದಿ, ವಿದೇಶದ ಬಳಕೆ, ಇವನ್ನು ಗ್ರಾಹಕರೇ ಕೇಳಿ ತೆರೆಸಿಕೊಳ್ಳಬೇಕು. ಬೇಕೆಂದಾಗ ತೆರೆಯಬಹುದು, ಬೇಡವೆಂದಾಗ ಮುಚ್ಚಬಹುದು, ಮಿತಿಯನ್ನೂ ಇಳಿಸಬಹುದು. ಹೊರದೇಶಕ್ಕೆ ಹೋಗದವರು, ಅಲ್ಲಿನ ಅಂಗಡಿಯಿಂದ ಏನೂ ತರಿಸದವರು ವಿದೇಶದ ಬಳಕೆಯನ್ನು ಮುಚ್ಚಿಡಿ. ಓಟಿಪಿ ಇಲ್ಲದ ಕಿಂಡಿ ಎಂದೆನಲ್ಲ, ಅದು ಆಗ ಮುಚ್ಚುತ್ತದೆ. ತಾಗಿಸುವ ಅಭ್ಯಾಸವೇ ಇಲ್ಲದಿದ್ದರೆ ಅದನ್ನೂ ಮುಚ್ಚಿ.

ಬೆಂಗಳೂರಿನ ಕೇಳುಗರಿಗೆ ಒಂದು ಮಾತು. ನಮ್ಮ ಮೆಟ್ರೊದ ಗೇಟಿಗೆ ತಾಗಿಸುವ ರಾಷ್ಟ್ರೀಯ ಸಂಚಾರ ಕಾರ್ಡಿನ ಚಿಪ್ಪಿನೊಳಗೇ ಸ್ವಲ್ಪ ಹಣ ತುಂಬಿಡುತ್ತೀರಿ. ಅದರ ಮಿತಿ 2,000 ರೂಪಾಯಿ. ಆ ಹಣ ನಗದು ಇದ್ದಂತೆಯೇ, ಪಿನ್ ಕೇಳುವುದಿಲ್ಲ. ವಾರಕ್ಕೆ ಬೇಕಾದಷ್ಟೇ ತುಂಬಿ.

ಇಷ್ಟಾದರೂ ನೀವು ಮಾಡದ ಖರ್ಚಿನ ಸಂದೇಶ ಫೋನಿಗೆ ಬಂದರೆ? ಅಲ್ಲಿ ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮ ಹೀಗಿದೆ. ತಪ್ಪು ನಿಮ್ಮದಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ಪಾಲಿಗೆ. ಅದರಾಚೆಗೆ ಬ್ಯಾಂಕಿನ ನೀತಿ ಹೇಳಿದಂತೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ಗ್ರಾಹಕರ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಆದರೆ ಪಿನ್ನನ್ನು ನೀವೇ ಹೇಳಿಕೊಟ್ಟಿದ್ದರೆ, ತಿಳಿಸುವ ತನಕ ಆದ ನಷ್ಟವೆಲ್ಲ ನಿಮ್ಮದೇ. ಜೆಕ್ ದೇಶದ ಆ ಮೋಸವನ್ನು ಅಷ್ಟು ಹೊತ್ತು ಹೇಳಿದ್ದು ಇದಕ್ಕೇ.

ಹಾಗಾಗಿ ಮೊದಲು ಬ್ಯಾಂಕಿಗೆ ಕರೆ ಮಾಡಿ, ಕಾರ್ಡು ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕೂಡಲೇ 1930ಕ್ಕೆ ಕರೆ ಮಾಡಿ. ಅದು ದೇಶದ ಸೈಬರ್ ಅಪರಾಧ ಸಹಾಯವಾಣಿ. ಒಂದು, ಒಂಬತ್ತು, ಮೂರು, ಸೊನ್ನೆ. ಇನ್ನು ಕಾರ್ಡಿನ ಬಳಕೆಯನ್ನು ತೆರೆಯುವ, ಮುಚ್ಚುವ ವಿಷಯ. ಸ್ಮಾರ್ಟ್‌ಫೋನು ಇಲ್ಲದವರು ಚಿಂತಿಸಬೇಡಿ. 2020ರ ಆ ಆದೇಶದಲ್ಲಿ ಎಟಿಎಂ ಮತ್ತು ದೂರವಾಣಿಯ ದಾರಿಯೂ ಇದೆ. ತಿಳಿಯದಿದ್ದರೆ ಶಾಖೆಗೆ ಹೋಗಿ, ತೋರಿಸಿಕೊಡಿ ಎಂದು ಕೇಳಿ. ಸಂಕೋಚ ಬೇಡ, ತೋರಿಸಿಕೊಡುವುದು ಅವರ ಕೆಲಸ.